ಚರ್ಮದಾಚೆಗೂ ಹರಡಿದ ರಕ್ತಸ್ರಾವ

ಆ ಕುಟುಂಬ ಹಾವೇರಿಯ ನಮ್ಮ ಸ್ಕ್ಯಾನ್ ಕೇಂದ್ರಕ್ಕೆ ಬಂದದ್ದು ನನ್ನ ಅಭಿಪ್ರಾಯಕ್ಕಾಗಿ ಅಲ್ಲ, ನನ್ನ ಸಹಿಗಾಗಿ. ಇವೆರಡರ ನಡುವಿನ ಅಂತರ ಆ ಮೂವರಿಗೆ ತಿಳಿದಿರಲಿಲ್ಲ. ಅವರನ್ನು ಕಳಿಸಿಕೊಟ್ಟ ರಾಣೆಬೆನ್ನೂರಿನ ಶಸ್ತ್ರಚಿಕಿತ್ಸಕರಿಗೆ ಚೆನ್ನಾಗಿಯೇ ತಿಳಿದಿತ್ತು. ನಮ್ಮ ವೃತ್ತಿಯಲ್ಲಿ ‘ಎರಡನೆಯ ಅಭಿಪ್ರಾಯ’ ಎಂಬ ಗೌರವಾನ್ವಿತ ಪದವೊಂದಿದೆ. ಬಹಳಷ್ಟು ಸಲ ಅದರ ಅರ್ಥ, ನಾಳೆ ಏನಾದರೂ ಆದರೆ ಬೈಸಿಕೊಳ್ಳಲು ಇನ್ನೊಬ್ಬರೂ ಇರಲಿ ಎಂಬುದಷ್ಟೇ.

ಮೂವರೆಂದರೆ, ಕದರಮಂಡಲಗಿಯ ಪಕ್ಕದ ಹಳ್ಳಿಯ, ಐದನೆಯ ತಿಂಗಳು ನಡೆಯುತ್ತಿದ್ದ ಗರ್ಭಿಣಿ; ಬ್ಯಾಡಗಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಆಕೆಯ ಗಂಡ; ಮತ್ತು ಆಕೆಯ ಅತ್ತೆ. ಬ್ಯಾಡಗಿಯಲ್ಲಿ ಗರ್ಭದ ಸ್ಕ್ಯಾನಿಂಗ್ ಮಾಡುವಾಗ ಆಕೆಯ ಯಕೃತ್ತಿನಲ್ಲಿ ಬೆಳ್ಳಗಿನ, ದುಂಡನೆಯ ಒಂದು ಗಂಟು ಕಂಡಿತ್ತು. ಅಲ್ಲಿಂದ ರಾಣೆಬೆನ್ನೂರಿನ ಒಂದು ಕೇಂದ್ರದಲ್ಲಿ ಎಂಆರ್‌ಐ ಆಯಿತು. ಚಿತ್ರಗಳು ಯಾವುದೋ ಮಹಾನಗರದಲ್ಲಿ ಕುಳಿತ ತಜ್ಞರ ಕಂಪ್ಯೂಟರಿಗೆ ಹೋದವು; ಸಂಜೆಯೊಳಗೆ ವರದಿ ಬಂತು. ಯಕೃತ್ತಿನ ಬಲಭಾಗದಲ್ಲಿ ಗಡ್ಡೆಯಿದೆ, ಅದರೊಳಗೂ ಅಂಚಿನಲ್ಲೂ ರಕ್ತಸ್ರಾವವಾಗಿದೆ, ಕ್ಯಾನ್ಸರ್ ಇರಬಹುದೆಂದು ಶಂಕಿಸಬೇಕು, ಕಾಂಟ್ರಾಸ್ಟ್ ಕೊಟ್ಟು ಮತ್ತೊಮ್ಮೆ ಪರೀಕ್ಷಿಸಬೇಕು.

ಕಾಂಟ್ರಾಸ್ಟ್ ಎಂದರೆ ರಕ್ತನಾಳಕ್ಕೆ ಕೊಡುವ ಔಷಧ. ಗಂಟಿನೊಳಗೆ ರಕ್ತ ಹೇಗೆ ಹರಿಯುತ್ತದೆಂಬುದನ್ನು ಅದು ಚಿತ್ರದಲ್ಲಿ ಬೆಳಗಿಸಿ ತೋರಿಸುತ್ತದೆ. ಎಂಆರ್‌ಐನಲ್ಲಿ ಬಳಸುವ ಆ ಔಷಧವನ್ನು ಗರ್ಭಿಣಿಗೆ ಕೊಡಬಾರದು, ಅದು ಮಗುವಿನ ಮೈಗೂ ಸೇರುತ್ತದೆ. ಶಸ್ತ್ರಚಿಕಿತ್ಸಕರು ಇದಕ್ಕೆ ಪರಿಹಾರ ಕಂಡುಕೊಂಡಿದ್ದರು. ತಮ್ಮದೇ ಆಸ್ಪತ್ರೆಯ ಹೆರಿಗೆ ತಜ್ಞರೊಂದಿಗೆ ಮಾತಾಡಿ, ಸೋಮವಾರ ಗರ್ಭ ತೆಗೆಯುವುದು, ಅನಂತರ ಕಾಂಟ್ರಾಸ್ಟ್ ಕೊಡುವುದು, ಅನಂತರ ಯಕೃತ್ತಿನ ಆ ಭಾಗವನ್ನು ಕತ್ತರಿಸುವುದು ಎಂದು ನಿಶ್ಚಯಿಸಿದ್ದರು. ಆ ತರ್ಕಕ್ಕೆ ಎಲ್ಲಿಯೂ ಅಡ್ಡಿ ಇರಲಿಲ್ಲ. ಅಡ್ಡಿಯೆಂದು ಇದ್ದದ್ದು ಮಗುವೊಂದೇ.

“ಮೇಡಂ, ಇದರ ಮ್ಯಾಲ ನೀವೂ ಹೌದಂತ ಒಂದು ಸಹಿ ಹಾಕಿದ್ರ ಸಾಕಂತ ಡಾಕ್ಟರು ಹೇಳ್ಯಾರ,” ಎಂದು ಗಂಡ ವರದಿಯನ್ನು ಮುಂದೆ ಚಾಚಿದ. “ಲಗೂ ಆದ್ರ ನಾವು ಬಸ್ಸಿಗೆ ಹೊಂಡ್ತೀವ್ರಿ.”

“ನಿಮ್ಮ ಮನಿಯವರಿಗೆ ಏನಾಗೇತಿ ಅಂತ ಹೇಳ್ಯಾರ?”

ಆತ ಹೊರಗೆ ಬೆಂಚಿನ ಮೇಲೆ ಕುಳಿತ ಹೆಂಡತಿಯತ್ತ ನೋಡಿ ದನಿ ತಗ್ಗಿಸಿದ. “ಆ ರೋಗ ಇರಬಹುದಂದ್ರಿ. ಆಕಿಗೆ ಹೇಳಿಲ್ಲ. ಕೂಸು ಬೆಳ್ಯಾಕತ್ತಿಲ್ಲ, ಅದಕ್ಕ ತಗೀಬೇಕಂತ ಹೇಳೇವಿ. ಡಾಕ್ಟರೂ ಹಂಗ ಹೇಳ್ರಿ ಅಂದ್ರು.”

ಗರ್ಭ ತೆಗೆಯಲು ಆಕೆಯ ಒಪ್ಪಿಗೆ ಬೇಕೆಂಬ ಕಾನೂನನ್ನು ಈ ಮಹನೀಯರು ಮರೆತಿರಲಿಲ್ಲ. ಸುಳ್ಳು ಹೇಳಿ ಪಡೆದ ಒಪ್ಪಿಗೆಯೂ ಕಾಗದದ ಮೇಲೆ ಒಪ್ಪಿಗೆಯಂತೆಯೇ ಕಾಣುತ್ತದೆ ಎಂಬುದನ್ನೂ ಅವರು ಬಲ್ಲವರಾಗಿದ್ದರು.

ನಾನು ಅವರನ್ನು ಕೂರಿಸಿ ಚಿತ್ರಗಳನ್ನು ತೆರೆದೆ. ಗಂಟು ಇತ್ತು, ಸುಳ್ಳಲ್ಲ. ಅದರ ಪಕ್ಕದಲ್ಲಿ, ಅದರ ಅರ್ಧವನ್ನು ನುಂಗಿಕೊಂಡು, ಕಡುಕಪ್ಪಾದ ಒಂದು ಕುಳಿ ಇತ್ತು. ಕೆಲವು ಬಗೆಯ ಚಿತ್ರಗಳಲ್ಲಿ ಅದು ಚಿಕ್ಕದು, ಕೆಲವಲ್ಲಿ ದೊಡ್ಡದು. ಹಳೆಯ ರಕ್ತದಲ್ಲಿ ಕಬ್ಬಿಣದ ಅಂಶವಿರುವುದರಿಂದ ಅದೂ ಹೀಗೆಯೇ ಕಪ್ಪಾಗಿ ಹಿಗ್ಗುತ್ತದೆ. ವರದಿ ಬರೆದವರು ಪಠ್ಯಪುಸ್ತಕದ ಆ ಒಂದು ಸಾಲನ್ನು ನೆನಪಿಸಿಕೊಂಡು ‘ರಕ್ತಸ್ರಾವ’ ಎಂದು ಬರೆದು ಮುಂದಿನ ರೋಗಿಯತ್ತ ಸಾಗಿದ್ದರು. ಒಂದು ಕ್ಷಣ ಹೆಚ್ಚು ನಿಂತಿದ್ದರೆ ಅವರಿಗೂ ಕಾಣುತ್ತಿತ್ತು: ಆ ಕಪ್ಪು ಯಕೃತ್ತಿನಲ್ಲಿ ನಿಂತಿರಲಿಲ್ಲ. ಪಕ್ಕೆಯ ಸ್ನಾಯುವನ್ನು ದಾಟಿ, ಕೊಬ್ಬನ್ನು ದಾಟಿ, ಚರ್ಮದಾಚೆಯ ಗಾಳಿಯವರೆಗೂ ಹರಡಿತ್ತು. ಚರ್ಮದ ಗೆರೆ ಅಲ್ಲಿ ಒಳಕ್ಕೆ ಸೊಟ್ಟಗಾಗಿತ್ತು, ಕುಳಿಯ ಅಂಚಿನಲ್ಲಿ ಬಿಳಿಯ ಬಾಗು ಮೂಡಿತ್ತು. ಮನುಷ್ಯನ ರಕ್ತ ಎಷ್ಟೇ ಹರಿದರೂ ಚರ್ಮದ ಹೊರಗಿನ ಗಾಳಿಯಲ್ಲಿ ಹೆಪ್ಪುಗಟ್ಟಿ ನಿಲ್ಲುವುದಿಲ್ಲ. ಇದು ಲೋಹ ಮಾಡುವ ಕೆಲಸ. ಅಯಸ್ಕಾಂತದ ಬಲಕ್ಕೆ ಕಬ್ಬಿಣದ ಚೂರು ಎದುರಾದರೆ ಸುತ್ತಲಿನ ಚಿತ್ರವೇ ಅಳಿಸಿಹೋಗುತ್ತದೆ.

ರಾಣೆಬೆನ್ನೂರಿನ ಆ ಕೇಂದ್ರಕ್ಕೆ ಫೋನು ಮಾಡಿದೆ. ಟೆಕ್ನಿಶಿಯನ್ ಎತ್ತಿಕೊಂಡ.

“ಬಲಗಡೆ ಕಪ್ಪು ಬಂದೈತಲ್ಲ, ಆಕಿ ಮೈಮ್ಯಾಲ ಏನರ ಲೋಹ ಇತ್ತೇನು?”

“ಎಲ್ಲಾ ಕೇಳೇ ಹಾಕೇವ್ರಿ ಮೇಡಂ. ಏನೂ ಇರಲಿಲ್ಲ.”

“ಕೇಳಿದ್ರ್ಯೋ, ನೋಡಿದ್ರ್ಯೋ?”

“ರಿಪೋರ್ಟ್ ಬಂದೈತಲ್ರಿ? ಬಂದ ಮ್ಯಾಲ ಇನ್ನೇನ್ರಿ?” ಫೋನು ಇಟ್ಟ.

ಬಂದ ಮೇಲೆ ಇನ್ನೇನು! ನಮ್ಮ ಇಡೀ ವ್ಯವಸ್ಥೆಯ ತತ್ತ್ವಶಾಸ್ತ್ರವನ್ನು ಆತ ಒಂದು ವಾಕ್ಯದಲ್ಲಿ ಹೇಳಿಬಿಟ್ಟಿದ್ದ.

ನಾನು ನಮ್ಮಲ್ಲೇ ಮತ್ತೊಮ್ಮೆ ಸ್ಕ್ಯಾನ್ ಮಾಡಲು ನಿರ್ಧರಿಸಿದೆ. ಕೇಂದ್ರದ ಮಾಲೀಕರೂ ವೈದ್ಯರೇ. ಕೆಲವು ದಶಕಗಳ ಹಿಂದೆ ರೋಗಿಗಳನ್ನು ನೋಡುತ್ತಿದ್ದವರು, ಈಗ ರೋಗಿಗಳ ಸಾಲನ್ನು ನೋಡುತ್ತಾರೆ. “ಹೊರಗ ಬೆನ್ನು ನೋವಿನವರು ಕುಂತಾರ, ಮೊಣಕಾಲಿನವರು ಕುಂತಾರ. ಒಂದು ಸಹಿ ಹಾಕಾಕ ನೀವು ಪ್ರಬಂಧ ಬರ್ಯಾಕ ಹತ್ತೀರಿ,” ಎಂದು ಗೊಣಗಿ, ಊಟದ ಬಿಡುವಿನಲ್ಲಿ ಚಿಕ್ಕ ಸ್ಕ್ಯಾನ್ ಮಾಡಿಕೊಳ್ಳಲು ಒಪ್ಪಿದರು.

ಗರ್ಭಿಣಿ ಓಲೆ, ಮೂಗುತಿ, ಕಾಲುಂಗುರ, ತಾಳಿಯನ್ನೆಲ್ಲ ತೆಗೆದು ಅತ್ತೆಯ ಸೆರಗಿನಲ್ಲಿ ಹಾಕಿದಳು. ಲಂಗದ ಮೇಲೆಯೇ ನಮ್ಮ ನಿಲುವಂಗಿ ತೊಟ್ಟಳು. ನಮ್ಮ ಟೆಕ್ನಿಶಿಯನ್ ಬಾಗಿಲಲ್ಲಿ ನಿಂತು, ಗಂಡನ ಎದುರಿಗೇ, “ಕಬ್ಬಿಣದ್ದು ಏನೂ ಇಲ್ಲಲ್ರೀ?” ಎಂದು ಕೇಳಿದ. ಆಕೆ ತಲೆಯಾಡಿಸಿದಳು. ಮಲಗಿಸಿದೆವು, ಚಿತ್ರ ತೆಗೆದೆವು.

ಅದೇ ಕಪ್ಪು ಕುಳಿ ಮತ್ತೆ ಬಂತು.

ಮಾಲೀಕರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. “ಎರಡು ಊರಿನ ಎರಡು ಮಷೀನು ಕೂಡಿ ಮಾತಾಡಿಕೊಂಡು ಸುಳ್ಳು ಹೇಳ್ತಾವೇನ್ರಿ ಡಾಕ್ಟರಮ್ಮಾ? ಒಳಗ ಇರೋದ ಬಂದೈತಿ. ಸರ್ಜನ್ ಕೇಳಿದ್ದೂ ಕಾಂಟ್ರಾಸ್ಟ್. ಈಗ ಮಲಗ್ಯಾಳ, ಸ್ವಲ್ಪ ಹಾಕಿ ಮುಗಿಸಿಬಿಡ್ರಿ.”

“ಆಕಿ ಗರ್ಭಿಣಿ ಸರ್.”

“ಹೆಂಗೂ ಸೋಮವಾರ ತಗೀತಾರಲ್ಲ.”

ಅವರು ಕ್ರೂರಿಯಲ್ಲ. ಅದನ್ನು ಹೇಳುವಾಗ ಅವರ ದನಿಯಲ್ಲಿ ಕ್ರೌರ್ಯವಿರಲಿಲ್ಲ, ಅವಸರವಿತ್ತು. ನನಗೆ ಅದೇ ಹೆಚ್ಚು ಅಸಹ್ಯವಾಯಿತು. ಕ್ರೂರಿಯಾದವನು ಕನಿಷ್ಠ ತಾನು ಯಾರಿಗೆ ಏನು ಮಾಡುತ್ತಿದ್ದೇನೆಂದು ನೋಡುತ್ತಾನೆ. ಒಂದು ತಪ್ಪು ವರದಿಯನ್ನು ನಂಬಿ ಗರ್ಭ ತೆಗೆಯುವುದು ನಿಶ್ಚಯವಾಗಿತ್ತು. ಗರ್ಭ ತೆಗೆಯುವುದು ನಿಶ್ಚಯವಾಗಿದೆಯೆಂದು ಈಗ ಮಗುವಿಗೆ ಹಾನಿಯಾಗಬಹುದಾದ ಔಷಧ ಕೊಡಬಹುದಂತೆ. ತಪ್ಪು ತಪ್ಪಿಗೆ ಜಾಮೀನು ನಿಂತಿತ್ತು.

“ಕಾಂಟ್ರಾಸ್ಟ್ ನಾ ಕೊಡೂದಿಲ್ಲ,” ಎಂದೆ. “ಸಹಿನೂ ಹಾಕೂದಿಲ್ಲ.”

“ಹಂಗಾರ ವಾಪಸ್ ಕಳಸ್ರಿ. ನಿಮ್ಮ ಸಹಿ ಇಲ್ಲದಿದ್ರ ಇನ್ನೊಬ್ಬರದು ಸಿಗತೈತಿ ಅವರಿಗೆ.”

ಆ ಮಾತು ನಿಜ, ಅದಕ್ಕೇ ಅದು ನನ್ನನ್ನು ತಡೆದು ನಿಲ್ಲಿಸಿತು. ನಿರಾಕರಿಸುವುದು ಸುಲಭ, ನಿರಾಕರಿಸಿ, ಕೈ ತೊಳೆದುಕೊಂಡು, ಮನೆಗೆ ಹೋಗಿ ಆತ್ಮಗೌರವದ ಊಟ ಮಾಡಬಹುದಿತ್ತು. ಸೋಮವಾರ ಆಕೆಯ ಗರ್ಭ ಹೋಗುತ್ತಿತ್ತು, ಅಷ್ಟೇ. ಆ ಕಪ್ಪು ಏನೆಂದು ನಾನು ತೋರಿಸಿಕೊಡದೆ ಸೋಮವಾರ ತಪ್ಪುವಂತಿರಲಿಲ್ಲ.

ಎರಡೂ ಕೇಂದ್ರಗಳ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಬಲ ಮೂತ್ರಪಿಂಡವನ್ನು ಗುರುತು ಮಾಡಿಕೊಂಡು ಅಳೆಯತೊಡಗಿದೆ. ಗಂಟು ಎರಡರಲ್ಲಿಯೂ ಒಂದೇ ಜಾಗದಲ್ಲಿತ್ತು. ಕುಳಿ ಮಾತ್ರ ಒಂದೇ ಜಾಗದಲ್ಲಿರಲಿಲ್ಲ. ರಾಣೆಬೆನ್ನೂರಿನ ಚಿತ್ರದಲ್ಲಿ ಅದು ಮೂತ್ರಪಿಂಡದ ಕೆಳತುದಿಯ ಮಟ್ಟದಲ್ಲಿ, ಪಕ್ಕೆಯ ಕಡೆಗಿತ್ತು. ನಮ್ಮದರಲ್ಲಿ ಮೂತ್ರಪಿಂಡದ ನಡುವಿನ ಮಟ್ಟಕ್ಕೆ ಏರಿ, ಹೊಟ್ಟೆಯ ಮುಂಭಾಗಕ್ಕೆ ಸರಿದಿತ್ತು. ಯಕೃತ್ತಿನೊಳಗೆ ಹೆಪ್ಪುಗಟ್ಟಿದ ರಕ್ತ ರಾಣೆಬೆನ್ನೂರಿನಿಂದ ಹಾವೇರಿಗೆ ಬರುವ ದಾರಿಯಲ್ಲಿ ನಾಲ್ಕು ಬೆರಳು ಮೇಲಕ್ಕೆ ನಡೆಯುವುದಿಲ್ಲ. ಚಲಿಸಿದ್ದು ಒಳಗಿನದಲ್ಲ. ಹೊರಗೆ ಮೈಮೇಲೆ ಕಟ್ಟಿಕೊಂಡದ್ದು ಏನೋ ಜಾರಿತ್ತು.

ಗೋಡೆಯ ಮೇಲೆ ಲೋಹ ಪತ್ತೆ ಮಾಡುವ ಕೈಯಂತ್ರ ತೂಗುಬಿದ್ದಿತ್ತು. ಒತ್ತಿದೆ. ಅದು ಉಸಿರಾಡಲಿಲ್ಲ.

“ಬ್ಯಾಟರಿ ಹೋಗ್ಯಾವ್ರಿ,” ಎಂದ ಟೆಕ್ನಿಶಿಯನ್. “ಹೇಳೇವಿ, ತರಸ್ತೀನಿ ಅಂದಾರ.”

“ಯಾವಾಗ ಹೇಳಿದ್ದು?”

ಆತ ನಕ್ಕ. ಆ ನಗೆಯಲ್ಲೇ ಉತ್ತರವಿತ್ತು. ಕೋಟಿಗಟ್ಟಲೆ ಬೆಲೆಯ ಯಂತ್ರದ ಕೋಣೆಗೆ, ಕುರ್ಚಿಯನ್ನೂ ಎಳೆದುಕೊಳ್ಳಬಲ್ಲ ಅಯಸ್ಕಾಂತದ ಎದುರಿಗೆ, ನಾವು ದಿನವೂ ಜನರನ್ನು ಕಳಿಸುತ್ತಿದ್ದದ್ದು ಒಂದು ತಲೆಯಾಡಿಸುವಿಕೆಯ ಭರವಸೆಯ ಮೇಲೆ. ಹಳ್ಳಿಯ ಹೆಣ್ಣುಮಗಳು ಲಂಗದ ಕೆಳಗೆ ಏನು ಕಟ್ಟಿಕೊಂಡಿದ್ದಾಳೆಂದು ಗಂಡಸೊಬ್ಬ ಗಂಡನ ಎದುರಿಗೆ ಕೇಳಿದರೆ ಆಕೆ ಮತ್ತೇನು ಮಾಡಬೇಕಿತ್ತು?

ಗಂಡಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿ, ಆಕೆಯ ಪಕ್ಕ ಕುಳಿತೆ.

“ಯವ್ವಾ, ನಾ ಗುತ್ತಲದಾಕಿ. ನನ್ನ ಮುಂದ ನಾಚಬ್ಯಾಡ. ಒಳಗ ಮಲಗಿದಾಗ ಮೈಮ್ಯಾಲ ಏನರ ಜಗ್ಗಿದಂಗಾತೇನು?”

ಆಕೆ ಬಾಗಿಲ ಕಡೆ ನೋಡಿದಳು. “ಆತ್ರಿ. ಅಲ್ಲೂ ಆಗಿತ್ತು. ಯಾರೋ ಉಡದಾರ ಹಿಡದು ಎಳದಂಗ. ಅಂಜಿಕಿ ಆಗಿ ಸುಮ್ನಿದ್ನಿ.”

ಆಕೆ ತೋರಿಸಿದಳು. ಹೊಟ್ಟೆ ಮೂಡುತ್ತಿದ್ದಂತೆ ಪಕ್ಕೆಲುಬಿನ ಕೆಳಗೆ ಏರಿಸಿ ಕಟ್ಟಿದ ಕರಿಯ ದಾರ, ಅದಕ್ಕೆ ಕರಿಬಟ್ಟೆಯಲ್ಲಿ ಹೊಲಿದ ಉಗುರಿನಷ್ಟಗಲದ ಗಟ್ಟಿ ಚೂರು. ಹಳೆಯ ಕುಡಗೋಲಿನ ಮುರಿದ ಮೊನೆಯಂತೆ. ಬಸುರಿಗೆ ಗಾಳಿ ಸೋಂಕದಿರಲೆಂದು ಅತ್ತೆ ತಾನೇ ಹೊಲಿದು ಕಟ್ಟಿದ್ದಳು.

“ಬಿಚ್ಚೂದಿಲ್ರಿ,” ಎಂದಳು ನಾನು ಕೇಳುವ ಮೊದಲೇ. “ಎರಡು ಹೋಗ್ಯಾವ ನನಗ. ಇದು ಮೂರನೇದು. ಬೆಳ್ಯಾಕತ್ತಿಲ್ಲ ಅಂತಾರ ಎಲ್ಲಾರೂ, ಆದ್ರ ಒಳಗ ಮಿಸುಕಾಡತೈತ್ರಿ. ಬೆಳೀದಿದ್ದದ್ದು ಮಿಸುಕಾಡತೈತೇನ್ರಿ?”

ನಾನು ಆಗಲೇ ಉತ್ತರಿಸಬೇಕಿತ್ತೇನೋ. ಆದರೆ ಗಂಟು ಏನೆಂಬುದು ನನಗಿನ್ನೂ ಖಚಿತವಿರಲಿಲ್ಲ. ಹುಸಿ ಭರವಸೆ ಕೊಡುವವರ ಪಟ್ಟಿಗೆ ನನ್ನ ಹೆಸರನ್ನೂ ಸೇರಿಸಲು ಮನಸ್ಸಾಗಲಿಲ್ಲ. ಅತ್ತೆಯನ್ನು ಒಳಗೆ ಕರೆದೆ.

ಅತ್ತೆ ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟಳು. “ಇಷ್ಟಗಲ ಕಬ್ಬಿಣಾ ನಿಮ್ಮ ಮಷೀನಿಗೆ ಆಗಿ ಬರೂದಿಲ್ಲಂದ್ರ ಅದೆಂಥಾ ಮಷೀನ ತಂಗಿ? ನಮ್ಮೂರ ಹಿಟ್ಟಿನ ಗಿರಣಿ ಬೋಲ್ಟು ನುಂಗಿ ಇನ್ನೂ ತಿರಗತೈತಿ.”

“ನಿಮ್ಮ ಗಿರಣಿ ಗಟ್ಟಿ ಐತ್ರಿ ಅಮ್ಮಾರ. ಇದು ಬರೇ ನಾಜೂಕು.”

“ನೀವು ಬಿಚ್ಚಸ್ತೀರಿ. ನಾಳಿ ಏನರ ಆತಂದ್ರ ಮಂದಿ ನನಗ ಅಂತಾರ, ಅತ್ತಿ ಕೈಯಾರೆ ಬಿಚ್ಚಿದ್ಲು ಅಂತ.”

ಆಕೆಯನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದೆ. “ಅಮ್ಮಾರ, ಸೋಮವಾರ ಏನು ಮಾಡ್ತಾರಂತ ನಿಮಗ ಗೊತ್ತೈತಿ. ಈ ಕಬ್ಬಿಣ ಇದ್ರೂ ಮಾಡ್ತಾರ. ಇದರ ನೆರಳು ಬಿದ್ದು ಒಳಗಿನ ಗಂಟು ಸರಿಯಾಗಿ ಕಾಣವಲ್ಲದು. ಅದನ್ನ ನೋಡಿ ಯಾರೋ ಏನೋ ಬರದಾರ. ಬಿಚ್ಚಿದ್ರ ಒಮ್ಮೆ ಖರೇ ನೋಡಾಕ ಬರತೈತಿ. ಆಮ್ಯಾಲ ನಾನ ನಿಮ್ಮ ಕೈಯಾಗ ಕೊಡ್ತೀನಿ, ಕಟ್ರಿ.”

“ಬೇವಿನ ಎಲಿ ಆಗತೈತೇನು ನಿಮ್ಮ ನಾಜೂಕ ಮಷೀನಿಗೆ?”

“ಆಗತೈತಿ.”

ಆಕೆ ಹೊರಗೆ ಹೋಗಿ ಕೇಂದ್ರದ ಆವರಣದ ಬೇವಿನ ಮರದಿಂದ ಒಂದು ಟೊಂಗೆ ಮುರಿದುಕೊಂಡು ಬಂದಳು. ತಾನೇ ದಾರ ಬಿಚ್ಚಿದಳು, ಸೊಸೆಯ ಮುಷ್ಟಿಯಲ್ಲಿ ಬೇವು ಹಿಡಿಸಿದಳು. ಮಾಲೀಕರು ಅಷ್ಟರಲ್ಲಿ ಬಾಗಿಲಲ್ಲಿದ್ದರು. “ಸ್ಕ್ಯಾನ್ ಸೆಂಟರ್ರೋ, ಗುಡಿಯೋ ಇದು?”

“ಬೇವಿನಿಂದ ನಮ್ಮ ಚಿತ್ರ ಕೆಡೂದಿಲ್ಲ ಸರ್,” ಎಂದೆ. “ಬ್ಯಾಟರಿ ಇಲ್ಲದ್ದಕ್ಕ ಕೆಟ್ಟೈತಿ.”

ನಾನು ಅವರ ಅನುಮತಿಗೆ ಕಾಯಲಿಲ್ಲ. ಸಾಲನ್ನು ತಡೆಹಿಡಿಯಲು ಟೆಕ್ನಿಶಿಯನ್‌ಗೆ ಹೇಳಿ ಕೆಲಸ ಆರಂಭಿಸಿದೆ.

ಕಾಂಟ್ರಾಸ್ಟ್ ಇಲ್ಲದೆ ಗಂಟಿನ ಜಾತಿ ಹಿಡಿಯುವುದು ಕಷ್ಟ, ಅಸಾಧ್ಯವಲ್ಲ. ಯಕೃತ್ತಿನ ನಿರುಪದ್ರವಿ ಗಂಟುಗಳಲ್ಲಿ ಅತಿ ಸಾಮಾನ್ಯವಾದದ್ದು ಹಿಮ್ಯಾಂಜಿಯೋಮಾ. ಅದೊಂದು ರಕ್ತನಾಳಗಳ ಉಂಡೆ, ನಿಧಾನವಾಗಿ ಹರಿಯುವ ರಕ್ತದ ಸಣ್ಣ ಸಣ್ಣ ಗೂಡುಗಳು. ಎಂಆರ್‌ಐನಲ್ಲಿ ಅಂಗಾಂಶದ ಬೆಳಕು ಬೇಗ ಆರುತ್ತದೆ, ನಿಂತ ದ್ರವದ ಬೆಳಕು ಬಹಳ ಹೊತ್ತು ಉಳಿಯುತ್ತದೆ. ಆದ್ದರಿಂದ ಯಂತ್ರವನ್ನು ಎಂದಿಗಿಂತ ಹೆಚ್ಚು ಹೊತ್ತು ಕಾಯಿಸಿ ಚಿತ್ರ ತೆಗೆದರೆ, ಕ್ಯಾನ್ಸರಿನ ಗಡ್ಡೆ ಮಂಕಾಗುತ್ತದೆ, ಹಿಮ್ಯಾಂಜಿಯೋಮಾ ದೀಪದಂತೆ ಉರಿಯುತ್ತಲೇ ಇರುತ್ತದೆ. ಇದು ರಹಸ್ಯ ವಿದ್ಯೆಯಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಎಲ್ಲರಿಗೂ ಕಲಿಸುತ್ತಾರೆ. ಆದರೆ ಇದಕ್ಕೆ ಕೆಲವು ನಿಮಿಷ ಹೆಚ್ಚು ಬೇಕು. ಬೆನ್ನು, ಮೊಣಕಾಲು, ಹೊಟ್ಟೆ ಎಂದು ಮೂರು ಗುಂಡಿಗಳಲ್ಲಿ ಜಗತ್ತನ್ನು ಮುಗಿಸಿಕೊಂಡ ನಮ್ಮ ಕೇಂದ್ರಗಳಲ್ಲಿ ನಾಲ್ಕನೆಯ ಗುಂಡಿಯನ್ನು ಒತ್ತುವವರು ಹುಚ್ಚರು.

ಆಕೆಯ ಬಲ ಬೆನ್ನಿನ ಕೆಳಗೆ ದಿಂಬು ಕೊಟ್ಟು ತುಸು ಎಡಕ್ಕೆ ಒರಗಿಸಿ ಮಲಗಿಸಿದೆ. ಉಸಿರು ಒಳಗೆಳೆದು ಹಿಡಿಯಲು ಆಕೆಗೆ ಆಗುತ್ತಿರಲಿಲ್ಲ. ಮೊದಲ ಸುತ್ತು ಪೂರ್ತಿ ಕದಡಿಹೋಯಿತು. ಉಸಿರು ಬಿಟ್ಟು ಹಿಡಿಯುವುದನ್ನು ಹೊರಗೆ ಕರೆತಂದು ಅಭ್ಯಾಸ ಮಾಡಿಸಿದೆ. “ಬಾವಿಯಿಂದ ಕೊಡ ಎತ್ತಿ ಕಟ್ಟಿ ಮ್ಯಾಲ ಇಟ್ಟು ಉಸ್ ಅಂತೀ ಅಲ್ಲ, ಹಂಗ ಬಿಟ್ಟು, ಅಲ್ಲೇ ನಿಲ್ಲು,” ಎಂದೆ.

“ಈಗ ಬಾವಿ ಎಲ್ಲೈತ್ರಿ, ನಳ ಬಂದಾವ,” ಎಂದು ಆಕೆ ಮೊದಲ ಬಾರಿ ನಕ್ಕಳು. ಆದರೆ ಸರಿಯಾಗಿ ಬಿಟ್ಟಳು, ಸರಿಯಾಗಿ ನಿಂತಳು.

ಈ ಬಾರಿ ಪರದೆಯ ಮೇಲೆ ಕಪ್ಪು ಕುಳಿ ಇರಲಿಲ್ಲ. ಗಂಟು ಪೂರ್ತಿ ಕಂಡಿತು. ಅಂಚು ಚೂಪಾಗಿ, ಹೂಕೋಸಿನಂತೆ ಮೆಲ್ಲಗೆ ಉಬ್ಬಿಕೊಂಡಿತ್ತು. ಒಳಗೆ ರಕ್ತಸ್ರಾವದ ಸುಳಿವಿಲ್ಲ, ಕೊಬ್ಬಿಲ್ಲ, ಪಕ್ಕದ ರಕ್ತನಾಳಗಳು ತಮ್ಮ ದಾರಿಯಲ್ಲಿ ನೆಮ್ಮದಿಯಾಗಿದ್ದವು. ಕಾಯಿಸಿ ತೆಗೆದ ಚಿತ್ರ ಬಂತು. ಯಕೃತ್ತು ಕಪ್ಪಾಗಿತ್ತು, ಗುಲ್ಮ ಕಪ್ಪಾಗಿತ್ತು. ಬೆಳಗುತ್ತಿದ್ದದ್ದು ಪಿತ್ತಕೋಶ, ಬೆನ್ನುಹುರಿಯ ಸುತ್ತಲಿನ ನೀರು, ಮಗುವನ್ನು ಸುತ್ತಿಕೊಂಡ ನೀರು, ಮತ್ತು ಆ ಗಂಟು. ನೀರಿನ ಚಲನೆಯನ್ನು ಅಳೆಯುವ ಇನ್ನೊಂದು ಬಗೆಯ ಚಿತ್ರವೂ ಅದನ್ನೇ ಹೇಳಿತು: ಇಲ್ಲಿ ಜೀವಕೋಶಗಳು ಒತ್ತೊತ್ತಾಗಿ ಕಿಕ್ಕಿರಿದಿಲ್ಲ, ದ್ರವ ಸಲೀಸಾಗಿ ಆಡುತ್ತಿದೆ. ಬರಿಯ ನೀರುಗುಳ್ಳೆಯಾಗಿದ್ದರೆ ಬ್ಯಾಡಗಿಯ ಸ್ಕ್ಯಾನಿಂಗ್‌ನಲ್ಲಿ ಕಪ್ಪಗೆ ಕಾಣಬೇಕಿತ್ತು. ಅಲ್ಲಿ ಅದು ಬೆಳ್ಳಗೆ ಕಂಡಿತ್ತು. ಎಲ್ಲವೂ ಒಂದೇ ಹೆಸರಿನತ್ತ ಬೆರಳು ಮಾಡುತ್ತಿದ್ದವು. ಹಿಮ್ಯಾಂಜಿಯೋಮಾ.

ನನ್ನ ವರದಿಯಲ್ಲಿ ಮೂರು ವಿಷಯ ಬರೆದೆ. ಇದು ಹಿಮ್ಯಾಂಜಿಯೋಮಾ; ಗರ್ಭ ತೆಗೆಯಲು ಇದು ಕಾರಣವಲ್ಲ. ಕಾಂಟ್ರಾಸ್ಟ್ ಇಲ್ಲದಿರುವುದರಿಂದ ಉಳಿಯುವ ಸಣ್ಣ ಅನುಮಾನವನ್ನು ಹೆರಿಗೆಯ ನಂತರ ಪರಿಹರಿಸಿಕೊಳ್ಳಬಹುದು, ಅಲ್ಲಿಯವರೆಗೆ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಗಂಟಿನ ಗಾತ್ರವನ್ನು ನೋಡುತ್ತಿದ್ದರೆ ಸಾಕು. ಮೊದಲಿನ ವರದಿ ಹೇಳಿದ ರಕ್ತಸ್ರಾವ ರಕ್ತಸ್ರಾವವಲ್ಲ, ರೋಗಿಯ ಮೈಮೇಲಿದ್ದ ಕಬ್ಬಿಣದ ನೆರಳು.

ಮಾಲೀಕರು ಮೂರನೆಯದನ್ನು ತೆಗೆಯಲು ಹೇಳಿದರು. “ಅವರೂ ನಮ್ಮವರ, ನಾಳೆ ಅವರಿಗೂ ನಾವು ಬೇಕು, ನಮಗೂ ಅವರು ಬೇಕು.” ತೆಗೆಯಲಿಲ್ಲ. ಮುಂದಿನ ವಾರದಿಂದ ನನ್ನನ್ನು ಎಂಆರ್‌ಐನಿಂದ ಬಿಡಿಸಿ ಎಕ್ಸ್‌ರೇ ಓದಲು ಕೂರಿಸಲಾಯಿತು. ಬ್ಯಾಟರಿಗಳು ಮಾತ್ರ ಮರುದಿನವೇ ಬಂದವು.

ಗಂಡನಿಗೆ ವಿಷಯ ತಿಳಿಸಿ, ಹೆಂಡತಿಗೆ ಹೇಳಿದ ಸುಳ್ಳನ್ನು ಆತನೇ ಬಿಚ್ಚಬೇಕೆಂದೆ. ಆತ ತಡವರಿಸುತ್ತ ಹೇಳಿದ. ಆಕೆ ಕೇಳಿಸಿಕೊಂಡು ನನ್ನತ್ತ ತಿರುಗಿದಳು.

“ಹಂಗಾರ ಕೂಸು ಬೆಳ್ಯಾಕತ್ತೈತ್ರ್ಯಾ?”

“ಚಂದಾಗಿ ಬೆಳ್ಯಾಕತ್ತೈತಿ.”

ಆಕೆ ಕಾಲುಂಗುರ ಹಾಕಿಕೊಳ್ಳುತ್ತ, ಗಂಡನನ್ನೂ ಅತ್ತೆಯನ್ನೂ ಒಂದೇ ನೋಟದಲ್ಲಿ ಅಳೆದಳು. “ಮನೀಗೆ ನಡೀರಿ,” ಎಂದಳು. “ಮಾತಾಡೂದೈತಿ.”

ಶಸ್ತ್ರಚಿಕಿತ್ಸಕರು ಸಂಜೆ ಫೋನು ಮಾಡಿದರು. ಚಿತ್ರಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಇಷ್ಟು ಗಟ್ಟಿಯಾಗಿ ಬರದೀರಿ, ಹೊಣೆ ನಿಮ್ಮದಾ?” ಎಂದರು.

“ನನ್ನದೇ. ಸೋಮವಾರದ್ದು ಯಾರದಿತ್ತು ಸರ್?”

“ನಾವು ವರದಿ ಪ್ರಕಾರ ಹೋಗೋರು,” ಎಂದು ಫೋನು ಇಟ್ಟರು. ವರದಿ ಬರೆದವರು ಚಿತ್ರದ ಪ್ರಕಾರ, ಚಿತ್ರ ತೆಗೆದವನು ತಲೆಯಾಡಿಸಿದ್ದರ ಪ್ರಕಾರ. ಎಲ್ಲರೂ ಯಾವುದೋ ಒಂದರ ಪ್ರಕಾರ ಹೋಗುವ ಈ ಮೆರವಣಿಗೆಯಲ್ಲಿ ಆ ಹೆಣ್ಣುಮಗಳೊಬ್ಬಳೇ ತನ್ನ ಹೊಟ್ಟೆಯೊಳಗಿನ ಮಿಸುಕಾಟದ ಪ್ರಕಾರ ಹೋಗುತ್ತಿದ್ದಳು, ಆಕೆಯನ್ನು ಕೇಳಿದವರಿಲ್ಲ.

ಸೋಮವಾರ ತಪ್ಪಿತು, ಆದರೆ ತಪ್ಪು ವರದಿ ಬದುಕಿತ್ತು. ಕೆಲವು ವಾರಗಳ ನಂತರ ಗಂಡ ಬಂದ. ಹೆರಿಗೆಗೆ ಹೆಸರು ಬರೆಸಲು ಹೋದಲ್ಲೆಲ್ಲ ಆಸ್ಪತ್ರೆಯವರು ಫೈಲಿನಲ್ಲಿ ಎರಡು ವರದಿ ಕಂಡು, “ಒಂದು ಕ್ಯಾನ್ಸರ್ ಅಂತೈತಿ, ಒಂದು ಅಲ್ಲಂತೈತಿ, ನಮಗ್ಯಾಕ ಬೇಕು” ಎಂದು ದೊಡ್ಡ ಊರಿಗೆ ಹೋಗಲು ಹೇಳುತ್ತಿದ್ದರಂತೆ. ಮೊದಲಿನದನ್ನು ಅದನ್ನು ಕೊಟ್ಟವರೇ ಹಿಂತೆಗೆದುಕೊಳ್ಳಬೇಕಿತ್ತು. ನಾನು ರಜೆ ಹಾಕಿ ಆತನ ಜೊತೆ ರಾಣೆಬೆನ್ನೂರಿಗೆ ಹೋದೆ.

ಕೇಂದ್ರದ ವ್ಯವಸ್ಥಾಪಕರು ಬಹಳ ವಿನಯದವರು. ಚಹಾ ತರಿಸಿದರು, ನನ್ನ ವರದಿಯನ್ನು ಕೇಳಿ ಪಡೆದು ಒಳಗೆ ಹೋದರು. ಚಹಾ ಆರುವ ಮೊದಲೇ ಹೊಸ ವರದಿ ಹಿಡಿದುಕೊಂಡು ಬಂದರು. ಅದರಲ್ಲಿ ನನ್ನ ವಾಕ್ಯಗಳಿದ್ದವು. ನಾನು ಹಾವೇರಿಯಲ್ಲಿ ಅಳೆದ ಗಾತ್ರವಿತ್ತು. ಕಾಯಿಸಿ ತೆಗೆದ ಚಿತ್ರದಲ್ಲಿ ಗಂಟು ಬೆಳಗುತ್ತದೆಂದು ಬರೆದಿತ್ತು. ಅಂಥ ಚಿತ್ರವನ್ನು ಅವರು ತೆಗೆದೇ ಇರಲಿಲ್ಲ. ಮೇಲೆ ಮೊದಲ ಸ್ಕ್ಯಾನಿನ ಹಳೆಯ ದಿನಾಂಕವಿತ್ತು. ಆ ಕಾಗದದ ಪ್ರಕಾರ ರಾಣೆಬೆನ್ನೂರಿನಲ್ಲಿ ಯಾವ ತಪ್ಪೂ ನಡೆದಿರಲಿಲ್ಲ, ಅವರು ಮೊದಲ ದಿನವೇ ಎಲ್ಲವನ್ನೂ ಕಂಡುಹಿಡಿದಿದ್ದರು.

“ಇದು ನಾ ಬರದದ್ದು,” ಎಂದೆ. “ನೀವು ಚಿತ್ರ ತೆರದೂ ನೋಡಿಲ್ಲ.”

“ಮೇಡಂ, ನಿಮಗ ಬೇಕಾಗಿದ್ದ ಬಂತಲ್ರಿ?”

“ಮೊದಲಿನ ವರದಿ ತಪ್ಪಿತ್ತು ಅಂತ ಬರದು ಕೊಡ್ರಿ. ಯಾರು ಬರದಿದ್ರು ಅವರ ಹೆಸರಿನ ಮ್ಯಾಲ.”

“ಮೊದಲಿನದು ಈಗ ಕಂಪ್ಯೂಟರ್‌ನ್ಯಾಗ ಇಲ್ರಿ.” ಅವರು ಗಂಡನತ್ತ ನೋಡಿ ಮುಗುಳ್ನಕ್ಕರು. “ಪೇಶಂಟಿಗೆ ಏನೂ ಆಗಿಲ್ಲಲ್ಲ ಮತ್ತ? ಆರಾಮ ಅದಾರಲ್ಲ? ಇಷ್ಟಕ್ಕ ಯಾಕ ದೊಡ್ಡದು ಮಾಡ್ತೀರಿ?”

ನಮ್ಮ ವೃತ್ತಿಯಲ್ಲಿ ಹೆಣ ಬೀಳದ ತಪ್ಪು ತಪ್ಪೇ ಅಲ್ಲ. ಬಿದ್ದರೆ ಅದು ವಿಧಿ. ಇವೆರಡರ ನಡುವೆ ಯಾರಾದರೂ ಉತ್ತರ ಹೇಳಬೇಕಾದ ಜಾಗವೇ ಉಳಿದಿಲ್ಲ.

ನಾನು ಎದ್ದು ನಿಂತು, ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಬರೆಯಬೇಕೆಂದು ಕೂಗಾಡತೊಡಗಿದ್ದೆ. ಗಂಡ ಆ ಹೊಸ ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡ. “ನಡೀರಿ ಮೇಡಂ. ಹೆರಿಗಿ ಆಗೂತನಕ ಇದು ಸಾಕು ನಮಗ,” ಎಂದ. ಅಷ್ಟು ಅಗ್ಗಕ್ಕೆ ಅವರನ್ನು ಬಿಟ್ಟುಬಿಟ್ಟನಲ್ಲ ಎಂದು ಆತನ ಮೇಲೂ ನನಗೆ ತಿರಸ್ಕಾರ ಹುಟ್ಟಿತ್ತು.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಕೆಲವು ತಿಂಗಳ ನಂತರ ಬೇರೊಂದು ಊರಿನಲ್ಲಿ ಕಾಂಟ್ರಾಸ್ಟ್ ಕೊಟ್ಟು ಎಂಆರ್‌ಐ ಮಾಡಿದರು. ಔಷಧ ಗಂಟಿನ ಅಂಚಿನಲ್ಲಿ ತುಣುಕು ತುಣುಕಾಗಿ ಬೆಳಗಿ, ನಿಧಾನವಾಗಿ ನಡುವಿನತ್ತ ತುಂಬಿಕೊಂಡಿತು. ಯಾವ ವಿದ್ಯಾರ್ಥಿಯೂ ಹೆಸರು ಹೇಳಬಲ್ಲಂಥ ಹಿಮ್ಯಾಂಜಿಯೋಮಾ. ಆ ಚಿತ್ರಗಳನ್ನು ತೋರಿಸಲು ಗಂಡ ಹಾವೇರಿಗೆ ಬಂದ. ನಾನು ನೋಡಿ ಮುಗಿಸಿದ ಮೇಲೂ ಆತ ಏಳಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಇನ್ನೊಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ರಾಣೆಬೆನ್ನೂರಿನ ಮೊದಲ ವರದಿ, ಮೂಲಪ್ರತಿ.

“ಆ ದಿನ ದೂರು ಕೊಟ್ಟಿದ್ರ ಹೆರಿಗಿಗೆ ತ್ರಾಸು ಆಗ್ತಿತ್ರಿ. ಈಗ ಕೂಸು ಕೈಯಾಗೈತಿ,” ಎಂದ. “ಜಿಲ್ಲಾ ಆರೋಗ್ಯಾಧಿಕಾರಿಗೆ ಬರೀಬೇಕಂತ ಅಂದಿದ್ರಲ್ಲ, ಬರೀರಿ. ನನ್ನ ಹೆಸರಿಗೆ ಬರೀರಿ, ಸಹಿ ನಾನ ಮಾಡ್ತೀನಿ. ಆಕಿನೂ ಮಾಡ್ತಾಳಂತ.”

ನಾನು ಹಾಳೆ ತೆಗೆದುಕೊಂಡೆ. ಎಲ್ಲಿಂದ ಆರಂಭಿಸುವುದೆಂದು ಯೋಚಿಸುತ್ತಿದ್ದಾಗ ಆತನೇ ಮೊದಲ ಸಾಲು ಹೇಳಿದ.

“ನನ್ನ ಹೆಂಡತಿಗೂ ನನ್ನ ಮಗಳಿಗೂ ಏನೂ ಆಗಿಲ್ಲ, ಆರಾಮ ಅದಾರ. ಅದಕ್ಕ ಈ ದೂರು.”